ಗೆರೆಯೊಳಗಿನ ಏಕವಚನ

ನಮ್ಮ ಮನೆಯ ಫ್ರಿಜ್ಜಿನ ತಲೆಯ ಮೇಲೆ ಒಂದು ಹಣ್ಣಿನ ಬುಟ್ಟಿ ಕೂತಿದೆ. ಮೇಲೆ ಹಳದಿ ಬಣ್ಣದ ಬೆಡಗಿನ ಹಾಳೆ, ಅದಕ್ಕೊಂದು ಕೆಂಪು ರಿಬ್ಬನ್ನು, ಒಳಗೆ ಸೇಬು, ಮೂಸಂಬಿ, ನಡುವೆ ಗತ್ತಿನಿಂದ ನಿಂತ ಒಂದು ಅನಾನಸು. ಮೊನ್ನೆ ಬಸವೇಶ್ವರನಗರದ ಶಾಲೆಯೊಂದರ ಕ್ರೀಡಾ ದಿನಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ನಾನೀಗ ನಮ್ಮ ಬಡಾವಣೆಯ ಸ್ಪೋರ್ಟ್ಸ್ ಕ್ಲಬ್ಬಿನ ಅಧ್ಯಕ್ಷ. ಅಧ್ಯಕ್ಷನೆಂಬ ಪ್ರಾಣಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಮೂರೂ ಸಲ್ಲಬೇಕೆಂದು ಯಾವ ಶಾಸ್ತ್ರದಲ್ಲಿ ಹೇಳಿದೆಯೋ ಕಾಣೆ, ಎಲ್ಲರೂ ತಪ್ಪದೆ ಪಾಲಿಸುತ್ತಾರೆ. ಶಾಲುಗಳು ಬೀರುವಿನ ಮೇಲಿನ ಅರೆಯನ್ನು ತುಂಬಿ ಈಗ ಮಂಚದ ಕೆಳಗೆ ಇಳಿದಿವೆ.

"ಆಡೋ ಕಾಲದಲ್ಲೆಲ್ಲ ಬುಟ್ಟಿಗೆ ಚೆಂಡು ಹಾಕಿದ್ರಿ. ಈಗ ಬುಟ್ಟೀನೇ ಹೊತ್ಕೊಂಡು ಬರ್ತಾ ಇದೀರಿ," ಎಂದಳು ನನ್ನ ಹೆಂಡತಿ ಗಿರಿಜಾ. "ಅದೆಲ್ಲ ಸರಿ, ಈ ಅನಾನಸು ಕುಯ್ಯೋರು ಯಾರು?"

ನನಗೆ ಅನಾನಸಿನ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಬುಟ್ಟಿ ಕೊಡುವಾಗ ಆ ಶಾಲೆಯ ಹೆಡ್‌ಮಿಸ್ಟ್ರೆಸ್ಸಮ್ಮ ಹೇಳಿದ ಮಾತಿಗೆ. ಪಾಪ, ಆಯಮ್ಮ ಹೇಳಿದ್ದು "ತಗೊಳ್ಳಿ ಸಾರ್" ಎಂದಷ್ಟೇ. ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ಅಧ್ಯಕ್ಷನಾದಾಗಿನಿಂದ ಲೋಕವೆಲ್ಲ ನನಗೆ ಅದನ್ನೇ ಹೇಳುತ್ತಿದೆ. ಕಾಫಿ ತಗೊಳ್ಳಿ ಸಾರ್, ಮೈಕ್ ತಗೊಳ್ಳಿ ಸಾರ್, ಕತ್ತರಿ ತಗೊಳ್ಳಿ, ಟೇಪ್ ಕಟ್ ಮಾಡಿ ಸಾರ್. ಇಷ್ಟು ತಗೊಳ್ಳಿಗಳ ನಡುವೆ ನನಗೆ ಬೇಕಾದದ್ದು ಇನ್ನೊಂದು. ಅದು ಇದೇ ಮಾತು, ಕೊನೆಯಲ್ಲಿ ಬಾಲ ಇಲ್ಲದ್ದು. ತಗೋ. ಅಷ್ಟೇ. ಒಬ್ಬ ಮನುಷ್ಯ ಅದನ್ನು ಹೇಳುತ್ತಿದ್ದ ರೀತಿಯನ್ನು ನೆನೆದರೆ ಈಗಲೂ ನನ್ನ ಎರಡೂ ಅಂಗೈ ತಾವಾಗಿಯೇ ತೆರೆದುಕೊಳ್ಳುತ್ತವೆ. ಬಸ್ಸಿನಲ್ಲಿ ಒಮ್ಮೆ ಹಾಗೆ ತೆರೆದುಕೊಂಡಾಗ ಪಕ್ಕದಲ್ಲಿದ್ದವರು ಚಿಲ್ಲರೆ ಇಲ್ಲ ಅಂದರು.

ಆ ಮನುಷ್ಯ ಸೀನ. ಪೂರ್ತಿ ಹೆಸರು ಶ್ರೀನಿವಾಸ, ಹೆಗ್ಗನಹಳ್ಳಿಯವನು. ಅವನ ವಿಷಯ ಹೇಳುವ ಮೊದಲು ನನ್ನ ಉದ್ದದ ವಿಷಯ ಹೇಳಬೇಕು, ಏಕೆಂದರೆ ಉದ್ದವಿಲ್ಲದಿದ್ದರೆ ನನಗೂ ಸೀನನಿಗೂ ಭೇಟಿಯೇ ಇಲ್ಲ.

ದಾವಣಗೆರೆ ಕಡೆಯಿಂದ ಬಂದ ನಮ್ಮಪ್ಪ ರಾಜಾಜಿನಗರದಲ್ಲಿ ಬಾಡಿಗೆಗೆ ಹಿಡಿದದ್ದು ಒಂದು ಔಟ್‌ಹೌಸು. ಅದನ್ನು ಕಟ್ಟಿಸಿದ ಪುಣ್ಯಾತ್ಮ ತನ್ನ ಎತ್ತರಕ್ಕೇ ಬಾಗಿಲು ಇಡಿಸಿದ್ದ, ಅವನೋ ಕುಳ್ಳ. ಹೈಸ್ಕೂಲಿಗೆ ಬರುವಷ್ಟರಲ್ಲಿ ನಾನು ಆ ಬಾಗಿಲನ್ನು ಮೀರಿ ಬೆಳೆದಿದ್ದೆ. ದಿನಾ ಬೆಳಿಗ್ಗೆ ಠಣ್ ಎಂದು ಸದ್ದು, ಹಿಂದೆಯೇ ಅವ್ವ ಅರಿಶಿನದ ಡಬ್ಬಿ ಹಿಡಿದು ಬರುವುದು. "ಬಗ್ಗಿ ನಡಿಯೋ ಅಂದ್ರೆ ಕೇಳಂಗಿಲ್ಲ. ಹಿಂಗೇ ಬೆಳೀತಾ ಹೋದ್ರೆ ಯಾವ ಹುಡುಗಿ ಸಿಗ್ತಾಳಪ್ಪ ನಿಂಗೆ?" ಎಂದು ಹಣೆಗೆ ಹಚ್ಚುತ್ತಿದ್ದಳು. ವಿಭೂತಿಯ ಮೇಲೆ ಅರಿಶಿನ ಮೆತ್ತಿಕೊಂಡು ನಾನು ಶಾಲೆಗೆ ಹೋಗುತ್ತಿದ್ದೆ. ಮೇಷ್ಟ್ರುಗಳಿಗೆ ನಾನು ಯಾವ ದೇವರ ಒಕ್ಕಲೆಂದು ಕೊನೆಗೂ ತಿಳಿಯಲಿಲ್ಲ.

ಅಂಥ ಒಂದು ಅರಿಶಿನದ ದಿನ ವೆಂಕೋಬ ಮೇಷ್ಟ್ರು ನನ್ನನ್ನು ನೋಡಿದರು. ಅವರು ಮೇಷ್ಟ್ರಲ್ಲ, ಅಂಚೆ ಕಚೇರಿಯಲ್ಲಿ ಕೆಲಸ. ಸಂಜೆ ಮೈದಾನದ ಮೂಲೆಯಲ್ಲಿ ಹುಡುಗರನ್ನು ಸೇರಿಸಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಈಗಿನ ಕ್ಲಬ್ಬಿನ ಬೇರು ಅದೇ ಮೂಲೆ. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಆಟ ಬರುತ್ತಾ?" ಎಂದರು. ಬರಲ್ಲ ಸಾರ್ ಎಂದೆ. "ಪರವಾಗಿಲ್ಲ, ಉದ್ದ ಕಲಿಸೋಕಾಗಲ್ಲ, ಆಟ ಕಲಿಸಬಹುದು" ಎಂದರು. ನನ್ನ ಉದ್ದಕ್ಕೆ ಬೈಯದೆ ಇದ್ದ ಮೊದಲ ಮನುಷ್ಯ ಅವರು. ಅವತ್ತೇ ಅವರ ಹಿಂದೆ ಹೋದೆ.

ಆಗಿನದು ಮಣ್ಣಿನ ಕೋರ್ಟು. ಪ್ರತಿ ಭಾನುವಾರ ಸುಣ್ಣದ ಪುಡಿಯಲ್ಲಿ ಹೊಸದಾಗಿ ಗೆರೆ ಎಳೆಯಬೇಕು. ಉದ್ದ ಇದ್ದವನಿಗೆ ಬಗ್ಗುವ ಕೆಲಸ ಕೊಡಬಾರದು ಎಂಬ ಕರುಣೆ ಯಾರಿಗೂ ಇರಲಿಲ್ಲ. ತೂತು ಡಬ್ಬಿ ಹಿಡಿದು ನಾನು ಗೆರೆ ಎಳೆಯುತ್ತ ಹೋದರೆ, ಸುಣ್ಣ ಕಣ್ಣಿಗೆ, ಮೂಗಿಗೆ, ಹುಬ್ಬಿಗೆ. ಮನೆಗೆ ಹೋದರೆ ಅವ್ವ "ಯಾರ ಮನೆಗೆ ಸುಣ್ಣ ಹೊಡೆದು ಬಂದ್ಯೋ?" ಎನ್ನುತ್ತಿದ್ದಳು. ಆ ಸುಣ್ಣದ ಹಸಿ ವಾಸನೆ, ಮೈದಾನದಾಚೆ ಸುಡುವ ಕಸದ ಹೊಗೆ, ಬೆವರಿಗೆ ಅಂಟಿದ ಮಣ್ಣು. ಈಗ ನಮ್ಮ ಕೋರ್ಟು ನೀಲಿ ಬಣ್ಣದ್ದು, ಒರೆಸಿದರೆ ಹೊಳೆಯುತ್ತದೆ, ಗೆರೆಗಳು ಯಾವ ಮಳೆಗೂ ಅಳಿಸುವುದಿಲ್ಲ. ಅಧ್ಯಕ್ಷನಾಗಿ ನನಗೆ ಅದರ ಹೆಮ್ಮೆ ಇದೆ. ಆದರೂ ಒಮ್ಮೊಮ್ಮೆ ಅದರ ಪಕ್ಕ ಕೂತು ಆ ಸುಣ್ಣದ ವಾಸನೆ ಬರಬಹುದೇನೋ ಎಂದು ಮೂಗು ಎಳೆಯುತ್ತೇನೆ. ಬರುವುದು ಪಕ್ಕದ ಗಾಡಿಯ ಗೋಬಿ ಮಂಚೂರಿಯ ವಾಸನೆ.

ಸೀನ ಬಂದದ್ದು ಹಾಲು ಹಾಕಲು. ಹೆಗ್ಗನಹಳ್ಳಿಯಲ್ಲಿ ಆಗ ಹೊಲಗಳಿದ್ದವು, ಅವರ ಮನೆಯಲ್ಲಿ ಹಸುಗಳಿದ್ದವು. ಸಂಜೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮಾಗಡಿ ರಸ್ತೆ ತುಳಿದು ರಾಜಾಜಿನಗರದ ಮನೆಗಳಿಗೆ ಹಾಲು ಕೊಟ್ಟು, ಹೋಗುವಾಗ ಕೋರ್ಟಿನ ಪಕ್ಕ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ಕುಳ್ಳಗೆ, ಗಟ್ಟಿಯಾಗಿದ್ದ. ಒಂದು ದಿನ ಚೆಂಡು ಹೊರಗೆ ಹೋಯಿತು. ಅದನ್ನು ಎತ್ತಿ ನಮ್ಮ ಕಡೆ ಎಸೆಯುತ್ತ "ತಗೋ" ಎಂದ. ಆ ಮಾತು ನನ್ನ ಕಿವಿಗೆ ಬೀಳುವುದಕ್ಕೂ ಚೆಂಡು ನನ್ನ ಎದೆಯ ಹತ್ತಿರ ಬರುವುದಕ್ಕೂ ಸರಿಹೋಯಿತು. ಎಷ್ಟು ನೇರ ಎಂದರೆ ನಾನು ಹಿಡಿಯಲೇ ಇಲ್ಲ, ಅದೇ ಬಂದು ಕೈಯಲ್ಲಿ ಕೂತಿತು.

"ಎಲ್ಲಿ ಕಲಿತ್ಯೋ ಈ ಪಾಸು?" ಎಂದು ಮೇಷ್ಟ್ರು ಕೇಳಿದರು.

"ಬಣವೇಲಿ ಸಾರ್."

ಹುಲ್ಲಿನ ಬಣವೆ ಒಟ್ಟುವಾಗ ಒಬ್ಬ ಮೇಲೆ ನಿಲ್ಲುತ್ತಾನೆ, ಒಬ್ಬ ಕೆಳಗಿನಿಂದ ಹುಲ್ಲಿನ ಕಂತೆ ಎಸೆಯುತ್ತಾನೆ. ಮೇಲಿನವನು ಹಿಂದಿನ ಕಂತೆಯನ್ನು ಜೋಡಿಸುತ್ತಿರುತ್ತಾನೆ, ಕೆಳಗೆ ನೋಡಲು ಅವನಿಗೆ ಪುರುಸೊತ್ತಿಲ್ಲ. ಅದಕ್ಕೇ ಕೆಳಗಿನವನು ಪ್ರತಿ ಸಲ "ತಗೋ" ಎನ್ನಬೇಕು. ಮಾತು ಕೇಳಿದ ಕಡೆಗೆ ಮೇಲಿನವನು ಕೈಯೊಡ್ಡುತ್ತಾನೆ, ಕಂತೆ ಅಲ್ಲಿಗೇ ಬಂದಿರುತ್ತದೆ. ಸೀನ ಚಿಕ್ಕಂದಿನಿಂದ ಅಪ್ಪನಿಗೆ ಕಂತೆ ಎಸೆದು ಬೆಳೆದವನು. ಎಸೆಯುವ ಮುಂಚೆ ಹಿಡಿಯುವವನ ಮುಖ ನೋಡಬಾರದು, ಪಾದ ನೋಡಬೇಕು, ಪಾದ ಎಲ್ಲಿಗೆ ಹೊರಟಿದೆಯೋ ಕೈ ಅಲ್ಲಿಗೆ ಬರುತ್ತದೆ ಎಂಬುದು ಅವರಪ್ಪ ಹೇಳಿಕೊಟ್ಟ ವಿದ್ಯೆ.

ಅಲ್ಲಿಂದ ನಾನು ಬಣವೆಯ ಮೇಲಿನವನಾದೆ. ನನಗೆ ತೊಲೆ ಎಂದು ಹೆಸರಿಟ್ಟವನೂ ಅವನೇ. ರಿಂಗಿನ ಕೆಳಗೆ ನಾನು ತೊಲೆಯಂತೆ ನಿಲ್ಲುವುದು, ಎಲ್ಲಿಂದಲೋ "ತಗೋ" ಎಂದು ಕೇಳುವುದು, ಚೆಂಡು ಕೈಯಲ್ಲಿರುವುದು, ಹಾಕುವುದು. ಪೇಪರಿನಲ್ಲಿ ನನ್ನ ಹೆಸರು ಬಂದಾಗಲೆಲ್ಲ ಅವನ ಹೆಸರೂ ಬರಬೇಕಿತ್ತು, ಬರುತ್ತಿರಲಿಲ್ಲ. ಹಾಕಿದವನ ಹೆಸರು ಬರೆಯುತ್ತಾರೆ, ಕೊಟ್ಟವನದನ್ನು ಬರೆಯುವುದಿಲ್ಲ. ಅವನಿಗೆ ಅದರ ಚಿಂತೆ ಇರಲಿಲ್ಲ. "ಬಣವೆ ಚೆನ್ನಾಗಿ ನಿಂತ್ರೆ ಸಾಕು ಬಿಡ್ಲಾ" ಎನ್ನುತ್ತಿದ್ದ.

ವೆಂಕೋಬ ಮೇಷ್ಟ್ರದು ಒಂದು ಕಾನೂನಿತ್ತು. ಗೆರೆಯ ಒಳಗೆ ಎಲ್ಲರೂ ಏಕವಚನ, ಗೆರೆಯ ಹೊರಗೆ ಅವರವರ ಮರ್ಯಾದೆ ಅವರವರಿಗೆ. ಇದು ಶುರುವಾದದ್ದಕ್ಕೂ ಕಾರಣ ಇದೆ. ನಮ್ಮ ಟೀಮಿನಲ್ಲಿ ಒಬ್ಬ ಬಹಳ ಸಂಭಾವಿತ ಹುಡುಗನಿದ್ದ. ಒಂದು ಪಂದ್ಯದಲ್ಲಿ ತನಗಿಂತ ಹಿರಿಯ ಆಟಗಾರನಿಗೆ "ಅಣ್ಣಾ, ನೀವು ಸ್ವಲ್ಪ ಇತ್ಲಾಗೆ ಕೊಡ್ತೀರಾ" ಎಂದು ಕೇಳಿದ. ಆ ವಾಕ್ಯ ಮುಗಿಯುವಷ್ಟರಲ್ಲಿ ಎದುರಿನವರು ಚೆಂಡು ಕಿತ್ತುಕೊಂಡು ಹೋಗಿ ಹಾಕಿಯೂ ಬಂದಿದ್ದರು. ಮೇಷ್ಟ್ರು ತಲೆಗೆ ಕೈಹೊತ್ತು, "ಲೋ, ಬಹುವಚನ ಬಹಳ ಉದ್ದ ಕಣ್ರೋ! ಆಟಕ್ಕಾಗಲ್ಲ. ಗೆರೆ ಒಳಗೆ ನಾನು ಬಂದ್ರೂ ಬಾರೋ ಅನ್ನಿ" ಎಂದರು.

ಮಾತಿಗೆ ತಕ್ಕಂತೆ ಒಂದು ಸಂಜೆ ಅವರೂ ಆಡಲು ಇಳಿದರು. ಆಟದ ಬಿಸಿಯಲ್ಲಿ ನಾನು "ಏಯ್ ವೆಂಕೋಬಾ, ಅತ್ಲಾಗೆ ಹೋಗೋ ಸಾಯ್ಬೇಡ!" ಎಂದುಬಿಟ್ಟೆ. ಆಟ ಮುಗಿದು ಗೆರೆ ದಾಟಿದ ಮೇಲೆ ನನ್ನ ಉದ್ದವನ್ನು ಬಗ್ಗಿಸಿ ಹುಡುಗರ ಬೆನ್ನ ಹಿಂದೆ ಅಡಗಿಕೊಂಡೆ. ಮೇಷ್ಟ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದು, "ರುದ್ರೇಶ, ಸರಿಯಾಗೇ ಹೇಳ್ದೆ, ನಾನು ಅಡ್ಡ ನಿಂತಿದ್ದೆ" ಎಂದು ಕೈಗೆ ಒಂದು ಹಿಡಿ ಕಡ್ಲೇಕಾಯಿ ಹಾಕಿದರು. "ತಗೊಳ್ತೀನಿ ಸಾರ್, ಥ್ಯಾಂಕ್ಸ್ ಸಾರ್" ಎಂದು ನಾನು ನೂರು ಸಾರ್ ಹಾಕಿದೆ. ಆ ಬಿಳಿ ಗೆರೆಯಷ್ಟು ದೊಡ್ಡ ಹೊಸ್ತಿಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಟ ನನಗೆ ಕಾರ್ಖಾನೆಯೊಂದರಲ್ಲಿ ನೌಕರಿ ಕೊಡಿಸಿತು. ಸೀನ ನೌಕರಿಗೆ ಸೇರಲಿಲ್ಲ. ಹೆಗ್ಗನಹಳ್ಳಿಯ ಹೊಲಗಳಲ್ಲಿ ರಾಗಿಯ ಬದಲು ಮನೆಗಳು ಎದ್ದವು, ಅವನು ಹಸು ಮಾರಿ ಮನೆ ಬಾಡಿಗೆಗೆ ಕೊಡುವವನಾದ. ಆದರೂ ಸಂಜೆ ಕೋರ್ಟಿಗೆ ಬರುವುದನ್ನು ಇಬ್ಬರೂ ಬಿಡಲಿಲ್ಲ. ಮದುವೆಗಳಾದವು, ಮಕ್ಕಳಾದವು. ಆಮೇಲೆ ಮಕ್ಕಳನ್ನೂ ಕರೆತಂದೆವು. ನನ್ನ ಮಗಳು ಸ್ಫೂರ್ತಿ, ಅವನ ಮಗ ಚೇತನ್. ನಾವು ಆಡುವಾಗ ಅವೆರಡೂ ಗೆರೆಯ ಹೊರಗೆ ಕೂತು ಕಡ್ಲೆಪುರಿ ತಿನ್ನುತ್ತಿದ್ದವು. ನಾವು ಚೆಂಡು ನೋಡುತ್ತಿದ್ದೆವು. ಅವು ಒಂದನ್ನೊಂದು ನೋಡುತ್ತಿದ್ದವು ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಬುಟ್ಟಿಗೆ ಹಾಕುವುದರಲ್ಲಿ ನಾನೇ ನಿಪುಣ ಅಂದುಕೊಂಡಿದ್ದೆ, ಆ ಹುಡುಗ ಸದ್ದಿಲ್ಲದೆ ನನ್ನ ಮಗಳನ್ನೇ ಬುಟ್ಟಿಗೆ ಹಾಕಿಕೊಂಡಿದ್ದ.

ನಮ್ಮದು ಲಿಂಗಾಯತರ ಮನೆ, ಅವರದು ಒಕ್ಕಲಿಗರ ಮನೆ. ಎರಡೂ ಕಡೆ ಸ್ವಲ್ಪ ದಿನ ಮುಖ ಊದಿದವು, ಆಮೇಲೆ ಇಳಿದವು. ಊದದೆ ಇದ್ದದ್ದು ನಮ್ಮಿಬ್ಬರದೇ. ಸುದ್ದಿ ತಿಳಿದ ದಿನ ಸೀನ ನನ್ನ ಬೆನ್ನಿಗೆ ಗುದ್ದಿ, "ಲೇ ತೊಲೆ, ಇನ್ಮೇಲೆ ನಿಮ್ಮನೆ ಊಟ ನಂಗೆ ಹಕ್ಕು ಕಣೋ!" ಎಂದ. ನಾನೂ ಕುಣಿದೆ. ಇಷ್ಟು ವರ್ಷ ಗೆಳೆಯನಾಗಿದ್ದವನು ಇನ್ನು ನೆಂಟನೂ ಆಗುತ್ತಾನೆ, ಇನ್ನೂ ಹತ್ತಿರವಾಗುತ್ತೇವೆ ಎಂದುಕೊಂಡೆ. ಇಡೀ ಜೀವನದಲ್ಲಿ ನಾನು ಹಾಕಿದ ಲೆಕ್ಕಗಳಲ್ಲಿ ಇಷ್ಟು ತಪ್ಪಾದದ್ದು ಇನ್ನೊಂದಿಲ್ಲ.

ಬೀಗರು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಗಳ ಮಾವನನ್ನು ಬಾರೋ ಹೋಗೋ ಎನ್ನುವ ತಂದೆ ಈ ನಾಡಿನಲ್ಲಿ ಹುಟ್ಟಿಲ್ಲ. ಅದು ನನಗೆ ಹೊಳೆದದ್ದು ನಿಶ್ಚಿತಾರ್ಥದ ದಿನ, ನಾಗರಬಾವಿಯ ಛತ್ರದ ಊಟದ ಹಾಲಿನಲ್ಲಿ. ಎಲೆ ಹಾಕಿದ್ದರು. ನಾನು ಸಂಭ್ರಮದಲ್ಲಿ, ದೂರದಲ್ಲಿ ನಿಂತಿದ್ದವನಿಗೆ "ಲೇ ಸೀನಾ, ಬಾರೋ, ಪಾಯಸ ಆರೋಗುತ್ತೆ!" ಎಂದು ಕೂಗಿದೆ. ಎಲೆಯ ಮುಂದಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಸೀನನ ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಹೆಣ್ಣು ಕೊಡೋರು ಗಂಡಿನ ಅಪ್ಪನ್ನ ಲೇ ಅಂತಾರಲ್ಲಮ್ಮಾ, ಎಂಥಾ ಸಂಪ್ರದಾಯ!" ಎಂದರು. ಗಿರಿಜಾ ನನ್ನ ತೋಳು ಚಿವುಟಿದ ಗುರುತು ಬಹಳ ದಿನ ಇತ್ತು.

ಆಗ ಸೀನ ಬಂದ. ಎಲ್ಲರಿಗೂ ಕೇಳುವಂತೆ ನಗುತ್ತ, ನನ್ನ ಎರಡೂ ಕೈ ಹಿಡಿದು, "ಬನ್ನಿ ಬೀಗರೇ. ಮೊದ್ಲು ನೀವು ಕೂತ್ಕೊಳ್ಳಿ" ಎಂದ. ಅವನು ನನ್ನ ಮಾನ ಉಳಿಸಲೆಂದೇ ಹಾಗೆ ಅಂದದ್ದು. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೂತುಕೊಂಡೆ. ಪಾಯಸ ಅಷ್ಟರಲ್ಲಿ ಆರಿಹೋಗಿತ್ತು.

ಒಮ್ಮೆ ಬಾಯಿಗೆ ಬಂದ ಬಹುವಚನ ಹಿಂದಕ್ಕೆ ಹೋಗುವುದಿಲ್ಲ, ಪ್ರಯತ್ನ ಪಟ್ಟೆ. ಹೆಗ್ಗನಹಳ್ಳಿಯ ಅವರ ಮನೆಯ ಮೇಲಿನ ಅಂತಸ್ತಿನಲ್ಲಿ ಮಗಳ ಸಂಸಾರ. ಹೋದಾಗ ಬೀಗಿತ್ತಿ ಜಯಮ್ಮ ಬೆಳ್ಳಿ ಲೋಟದಲ್ಲಿ ಕಾಫಿ ತರುತ್ತಾರೆ. ಸೀನ ಎದ್ದು ನಿಂತು "ತಗೊಳ್ಳಿ ಬೀಗರೇ" ಎನ್ನುತ್ತಾನೆ. "ನೀವೂ ತಗೊಳ್ಳಿ" ಎನ್ನುತ್ತೇನೆ. ಇಬ್ಬರೂ ಸೋಫಾದ ತುದಿಯಲ್ಲಿ ಕೂತು ಬಿಸಿಲಿನ ಬಗ್ಗೆ, ಮೆಟ್ರೋ ಬಗ್ಗೆ ಮಾತಾಡುತ್ತೇವೆ. ಒಂದು ದಿನ ಟೆರೇಸಿನ ಮೇಲೆ ನಾವಿಬ್ಬರೇ ಇದ್ದಾಗ ನಾನು ಧೈರ್ಯ ಮಾಡಿ "ಏನ್ಲೇ ಸೀನಾ" ಎಂದೆ. ಅವನ ಮುಖ ಬೆಳಗಿತು, "ಏನ್ಲಾ ತೊಲೆ" ಎಂದ. ಅಷ್ಟೇ ಸಾಕಾಗಿತ್ತು. ಆದರೆ ನೀರಿನ ತೊಟ್ಟಿಯ ಹಿಂದೆ ನಮ್ಮ ಮೊಮ್ಮಗಳು ಕೂತಿದ್ದಳು, ಆಗತಾನೇ ಮಾತು ಕಲಿಯುತ್ತಿದ್ದ ಮಗು. ಕೆಳಗಿಳಿದು ಹೋಗಿ ನೆಂಟರು ತುಂಬಿದ್ದ ಹಾಲಿನಲ್ಲಿ ಅಜ್ಜನ ಪಂಚೆ ಎಳೆದು, "ಏನ್ಲೇ ತೀನಾ" ಎಂದಿತು. ಮಗು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದು ಅದೇ ಮೊದಲಂತೆ. ಅಂದಿನಿಂದ ಟೆರೇಸೂ ಮುಚ್ಚಿತು, ಏಕವಚನಕ್ಕೆ ಉಳಿದದ್ದು ಕೋರ್ಟೊಂದೇ.

ಆಮೇಲೆ ಅವನ ಮಂಡಿ ಹೋಯಿತು, ನನ್ನ ಬಲಭುಜ ಹೋಯಿತು. ಭುಜ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಆಟ ನಿಂತಮೇಲೆ ಗೆರೆಯೊಳಗೆ ಕಾಲಿಡುವ ನೆಪವೂ ಇಲ್ಲವಾಯಿತು.

ಈ ಸ್ಥಿತಿಯಲ್ಲಿ ನಾನು ಅಧ್ಯಕ್ಷನಾದೆ. ಆದದ್ದೂ ಉದ್ದದಿಂದಲೇ. ಹಿಂದಿನ ಅಧ್ಯಕ್ಷರು ಶ್ರೀಗಂಧದ ಕಾವಲಿನಲ್ಲಿ ಮನೆ ಕಟ್ಟಿಸಿ ಹೊರಟಿದ್ದರು. ಸಭೆಯಲ್ಲಿ "ಯಾರಾದ್ರೂ ಮುಂದೆ ಬನ್ನಿ" ಎಂದಾಗ ನನಗೆ ಸೆಖೆಯಾಗಿ ಫ್ಯಾನು ಹಾಕಲು ಎದ್ದೆ. ನಾನು ಎದ್ದರೆ ಕಾಣದೆ ಇರುವುದು ಕಷ್ಟ. ಚಪ್ಪಾಳೆ ಬಿತ್ತು. ಅಲ್ಲಿಂದ ಶುರು, ಬಾತ್‌ರೂಮಿನ ನಲ್ಲಿ, ಶಟಲ್ ಆಡುವವರ ಲೈಟಿನ ಜಗಳ, ಮಕ್ಕಳ ತಾಯಂದಿರ ವಾಟ್ಸಾಪ್. ಕೋರ್ಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ನಾನು. ಚೆಂಡು ಉರುಳಿ ನನ್ನ ಕಾಲ ಬಳಿ ಬಂದರೆ ಯಾರಾದರೂ ಓಡಿ ಬಂದು "ಸಾರಿ ಸಾರ್" ಎಂದು ಎತ್ತಿಕೊಂಡು ಹೋಗುತ್ತಾರೆ. ಒಂದು ಸಲವೂ ಬಗ್ಗಲು ಬಿಡುವುದಿಲ್ಲ. ಗೌರವ ಎಂದರೆ ಚೆಂಡನ್ನು ನನ್ನಿಂದ ದೂರ ಇಡುವುದು ಎಂದು ಅವರು ಭಾವಿಸಿರುವಂತಿದೆ.

ಅಧ್ಯಕ್ಷ ಚೆಂಡು ಮುಟ್ಟಲೇಬೇಕಾದ ದಿನ ಒಂದಿದೆ, ಆಯುಧಪೂಜೆ. ಇದೂ ವೆಂಕೋಬ ಮೇಷ್ಟ್ರು ಹಾಕಿಕೊಟ್ಟದ್ದು. ಪೂಜೆಯಾದ ಮೇಲೆ ಮೊದಲ ಚೆಂಡನ್ನು ಕ್ಲಬ್ಬಿನ ಹಿರಿಯ ಬುಟ್ಟಿಗೆ ಹಾಕಬೇಕು. ಅದು ಬೀಳುವವರೆಗೆ ಯಾರೂ ಆಡುವಂತಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಹಾಕುತ್ತಿದ್ದರು. ಹಿಂದಿನ ಅಧ್ಯಕ್ಷರು ಸ್ಟೂಲು ಹತ್ತಿ ಹಾಕುತ್ತಿದ್ದರು, ಅವರು ಆಟಗಾರರಲ್ಲ, ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ನಾನು ಸ್ಟೂಲು ಹತ್ತಲಾರೆ. ಹೋದ ದಸರಾ ಹತ್ತಿರ ಬಂದಂತೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ದಿಂಬನ್ನು ಬೀರುವಿನ ಮೇಲಕ್ಕೆ ಎಸೆದು ಅಭ್ಯಾಸ ಮಾಡಿದೆ. ಕೈ ಕಿವಿಯ ಮಟ್ಟಕ್ಕೆ ಹೋಗಿ ನಿಲ್ಲುತ್ತಿತ್ತು. ಗಿರಿಜಾ ಒಳಗೆ ಬಂದು, ದಿಂಬನ್ನು ನೋಡಿ, ನನ್ನನ್ನು ನೋಡಿ, ಎಣ್ಣೆ ಬಿಸಿ ಮಾಡಿ ತಂದು ಭುಜ ತಿಕ್ಕಿದಳು.

"ಬೀಗರನ್ನೂ ಕರೀಬೇಕಲ್ವಾ?" ಎಂದಳು. ನಾನು ಹೇಳಬೇಕೆಂದು ಕಾಯುತ್ತಿದ್ದ ಮಾತನ್ನೇ ಅವಳು ಹೇಳಿದ್ದಳು. ಬೀಗರನ್ನು ಫೋನಿನಲ್ಲಿ ಕರೆಯುವ ಹಾಗಿಲ್ಲ. ಸ್ಕೂಟರಿನಲ್ಲಿ ಹೋಗಿ, ಆಗ ಫ್ರಿಜ್ಜಿನ ಮೇಲಿದ್ದ ಹಣ್ಣಿನ ಬುಟ್ಟಿ ಕೊಟ್ಟು, ಕುಂಕುಮವಿಟ್ಟು ಕರೆದು ಬಂದೆವು. "ತಗೊಳ್ಳಿ ಬೀಗರೇ," ಎಂದೆ. ಸೀನ ಬುಟ್ಟಿ ತೆಗೆದುಕೊಳ್ಳುತ್ತ ನನ್ನ ಭುಜದ ಕಡೆ ನೋಡಿದ. ಬಹುಶಃ ನಾನು ಬುಟ್ಟಿಯನ್ನು ಎಡಗೈಯಲ್ಲಿ ಎತ್ತಿದ್ದನ್ನು ಗಮನಿಸಿರಬೇಕು.

ಆ ಸಂಜೆ ಕ್ಲಬ್ಬು ಮದುವಣಗಿತ್ತಿಯಂತಿತ್ತು. ರಿಂಗಿನ ಕಂಬಗಳಿಗೆ ಬಾಳೆಕಂದು, ಮಾವಿನ ತೋರಣ. ಚೆಂಡುಗಳನ್ನೆಲ್ಲ ಸಾಲಾಗಿ ಇಟ್ಟು ಒಂದಕ್ಕೆ ವಿಭೂತಿ, ಒಂದಕ್ಕೆ ನಾಮ, ಯಾರ ಮನಸ್ಸೂ ನೋಯದ ಹಾಗೆ. ಚೆಂಡಿಗೇ ಚೆಂಡು ಹೂವಿನ ಹಾರ. ನೀಲಿ ನೆಲ ಕೆಡಬಾರದೆಂದು ಬೂದುಗುಂಬಳವನ್ನು ಗೇಟಿನಾಚೆ ಒಡೆದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಜಯಮ್ಮ, ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಸೀನ.

ನಮ್ಮ ಹುಡುಗಿಯರ ಟೀಮಿನ ಕ್ಯಾಪ್ಟನ್ ಸಿಂಚನ, ಚೆಂಡನ್ನು ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು ಬಂದಳು. "ತಗೊಳ್ಳಿ ಸಾರ್." ತೀರ್ಥದ ಹಾಗೆ ತೆಗೆದುಕೊಂಡೆ. ಗೆರೆ ದಾಟಿದೆ. ರಿಂಗು ನೋಡಿದೆ, ಎಸೆದೆ. ಚೆಂಡು ಬಲೆಯನ್ನೂ ಮುಟ್ಟದೆ ಕೆಳಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಷ್ಟು ನೋವಾದದ್ದು ಬೇರೆ ಇಲ್ಲ. ನಮ್ಮ ಕಾಲದಲ್ಲಿ ಹೀಗೆ ಬಿಟ್ಟಿದ್ದರೆ "ಅನ್ನ ತಿಂತೀಯೋ ಇಲ್ವೋ ಲೋ!" ಎಂದು ಹತ್ತು ಬಾಯಿ ಬೈಯುತ್ತಿದ್ದವು. ಬೈಗುಳ ತಿನ್ನುವಷ್ಟು ದಿನ ಮನುಷ್ಯ ಆಟಗಾರ. ಮತ್ತೆ ಎಸೆದೆ. ಮತ್ತೆ ಹಾಗೇ, ಮತ್ತೆ ಚಪ್ಪಾಳೆ.

ಸಿಂಚನ ಹತ್ತಿರ ಬಂದು ಮೆಲ್ಲಗೆ, "ಸಾರ್, ಬೇಜಾರ್ ಮಾಡ್ಕೋಬೇಡಿ, ರಿಂಗ್ ಸ್ವಲ್ಪ ಇಳಿಸ್ತೀವಿ. ಚಿಕ್ಕ ಮಕ್ಳಿಗೂ ಇಳಿಸ್ತೀವಲ್ಲ" ಎಂದಳು. ಪ್ರೀತಿಯಿಂದಲೇ ಹೇಳಿದಳು. ಆಗಲೇ ಒಬ್ಬ ರಿಂಗು ಇಳಿಸುವ ಹಿಡಿಕೆ ತರಲು ಓಡಿದ್ದ. ನನಗೆ ಅಳು ಬಂತು, ನಿಜ ಹೇಳುತ್ತೇನೆ. ರಿಂಗಿನ ಕೆಳಗೆ ನಿಂತು, ಜೀವಮಾನವೆಲ್ಲ ತಲೆ ಎತ್ತಿ ನೋಡಿದ್ದನ್ನು ನನಗೋಸ್ಕರ ಕೆಳಗಿಳಿಸುವುದನ್ನು ಕಾಯುತ್ತ, ಆ ಮಕ್ಕಳ ಮುಖ ನೋಡಲಾರದೆ ಕುರ್ಚಿಗಳ ಕಡೆ ತಿರುಗಿದೆ.

ಸೀನ ನನ್ನ ಮುಖ ನೋಡುತ್ತಿರಲಿಲ್ಲ. ಪಾದ ನೋಡುತ್ತಿದ್ದ.

ಅವನು ಎದ್ದ. ಕುರ್ಚಿಯ ಕೈ ಊರಿಕೊಂಡು ಎದ್ದು, ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿದ. "ರೀ, ಎಲ್ಲಿಗ್ರೀ? ಮಂಡಿ!" ಎಂದು ಜಯಮ್ಮ ಕೂಗಿದರು. ಒಂದು ಕಾಲು ಎಳೆಯುತ್ತ ಬಂದು ಗೆರೆಯ ಹತ್ತಿರ ಒಂದು ಗಳಿಗೆ ನಿಂತ. ಆಮೇಲೆ ದಾಟಿದ. ಬಿದ್ದಿದ್ದ ಚೆಂಡನ್ನು ಎತ್ತಿ ಅದರ ಕುಂಕುಮವನ್ನು ತನ್ನ ಬಿಳಿ ಪಂಚೆಗೇ ಒರೆಸಿದ.

"ಲೇ ತೊಲೆ," ಎಂದ. ಇಡೀ ಕ್ಲಬ್ಬು ಕೇಳುವ ಹಾಗೆ. "ಅಲ್ಲೇನೋ ನಿಂತಿದ್ದೀಯ, ಹುಲ್ಲು ಕದ್ದೋನ ಥರ? ನಿನ್ನ ಜಾಗಕ್ಕೆ ಓಡೋ!"

ಹಿಡಿಕೆ ತಂದವನು ಹಾಗೇ ನಿಂತ. ಮುಂದಿನ ಸಾಲಿನಲ್ಲಿ ಗಿರಿಜಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನನ್ನ ಕಾಲು ನನ್ನನ್ನು ಕೇಳಲಿಲ್ಲ. ರಿಂಗಿನ ಎಡಕ್ಕೆ, ನಾನು ಯಾವಾಗಲೂ ಹೋಗುತ್ತಿದ್ದ ಜಾಗಕ್ಕೆ, ಓಟವಲ್ಲದ ಒಂದು ಓಟದಲ್ಲಿ ಹೋದೆ. ಅವನ ಕಡೆ ತಿರುಗಿಯೂ ನೋಡಲಿಲ್ಲ.

"ತಗೋ."

ಮಾತು ಮುಗಿಯುವ ಮುಂಚೆ ಚೆಂಡು ಅಂಗೈಯಲ್ಲಿತ್ತು. ಅದರ ಮೇಲಿನ ಎಣ್ಣೆ, ಅರಿಶಿನ, ಕುಂಕುಮದ ಜಿಡ್ಡು, ಅದರೊಳಗೆ ಅವನ ಕೈಯ ಭಾರ. ಭುಜ ಎಲ್ಲಿಯವರೆಗೆ ಏರಿತೋ ತಿಳಿಯದು, ಎಡಗೈಯೂ ಸೇರಿತು. ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಅಂಚಿನ ಮೇಲೆ ಬೀಳಲೋ ಬೇಡವೋ ಎಂದು ಸತಾಯಿಸಿ, ಕೊನೆಗೆ ಒಳಗೆ ಬಿತ್ತು. ರಿಂಗನ್ನು ಯಾರೂ ಇಳಿಸಿರಲಿಲ್ಲ.

"ಥೂ, ಎಷ್ಟು ಹೊತ್ತೋ!" ಎಂದ ಸೀನ. ಕಣ್ಣು ಒದ್ದೆಯಾಗಿತ್ತು. "ನಿನ್ನ ಪಾಸು ನಿಧಾನ ಆಯ್ತು ಕಣೋ, ವಯಸ್ಸಾಯ್ತು ನಿಂಗೆ," ಎಂದೆ. "ನಿನ್ನಜ್ಜಿ," ಎಂದ. ಎಷ್ಟು ವರ್ಷದಿಂದ ಕೂಡಿಟ್ಟಿದ್ದೆವೋ, ಏನೇನೋ ಬೈದುಕೊಂಡೆವು.

ಮಕ್ಕಳು ಹೋ ಎಂದು ಒಳನುಗ್ಗಿದರು. ಮೊದಲ ಚೆಂಡು ಬಿದ್ದಿತ್ತಲ್ಲ, ಆಟ ಅವರದು. ನಾವಿಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಅವನ ಮಂಡಿ ಮತ್ತು ನನ್ನ ತೋಳು ಸೇರಿ ಒಬ್ಬ ಮನುಷ್ಯನಾಗಿ, ನಿಧಾನವಾಗಿ ಕೋರ್ಟಿನ ಅಂಚಿಗೆ ಬಂದೆವು. ಗೆರೆಯಾಚೆ ಗಿರಿಜಾ ಮತ್ತು ಜಯಮ್ಮ ಕಡ್ಲೆಪುರಿಯ ತಟ್ಟೆ ಹಿಡಿದು ನಿಂತಿದ್ದರು.

"ಬನ್ನಿ ಬೀಗರೇ, ಪ್ರಸಾದ ತಗೊಳ್ಳಿ," ಎಂದಳು ಗಿರಿಜಾ ಅವನಿಗೆ.

"ಬನ್ನಿ ಅಣ್ಣಾವ್ರೇ, ನೀವೂ ತಗೊಳ್ಳಿ," ಎಂದರು ಜಯಮ್ಮ ನನಗೆ.

ಸೀನನ ಬರಿಗಾಲಿನ ಹೆಬ್ಬೆರಳು ಬಿಳಿ ಗೆರೆಯ ಇತ್ತಕಡೆಗೇ ನಿಂತಿತು. ನನ್ನ ಶೂ ಕೂಡ ನಿಂತಿತು. ಹಿಂದಿನಿಂದ ಯಾರೋ "ಸಾರ್, ಸೈಡು, ಸೈಡು!" ಎಂದು ಕೂಗುತ್ತಿದ್ದರು. ಇಬ್ಬರೂ ಕದಲಲಿಲ್ಲ.

"ನೀನು ಮೊದ್ಲು ಹೋಗೋ," ಎಂದ ಸೀನ, ಅವರಿಗೆ ಕೇಳದ ಹಾಗೆ.

"ನೀನೇ ಹೋಗೋ," ಎಂದೆ.